ಹಲ್ಲು ಕಡಿಮೆ ಆದಷ್ಟೂ ಆಯಸ್ಸು ಕಡಿಮೆ ಅನ್ನೋದು ನಿಜಾನಾ? ಅಪ್ಪಾಜಿಗೆ ಉಳಿದಿರೋದು 11

ಕುಂದುವಾಡ ಕೆರೆ ಏರಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ, ನಿಟ್ಟುವಳ್ಳಿ. ಅಪ್ಪಾಜಿಗೆ 68 ವರ್ಷ. ಕಾಟನ್ ಮಿಲ್ಲಿನಲ್ಲಿ ದುಡಿದವರು. ಮಿಲ್ಲು ಮುಚ್ಚಿದ ಮೇಲೆ ಅಂಗಡಿ ಲೆಕ್ಕ ಬರೆದು ನಮ್ಮನ್ನು ಓದಿಸಿದರು. 12 ವರ್ಷದಿಂದ ಶುಗರ್ ಇದೆ. ಬೀಡಿ ಬಿಟ್ಟು 5 ವರ್ಷ ಆಯ್ತು.

ಹೋದ ಭಾನುವಾರ ಊಟಕ್ಕೆ ಕೂತಾಗ ಗಮನಿಸಿದೆ. ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಯಲು ಬಿಟ್ಟು, ಮೆತ್ತಗಾದ ಮೇಲೆ ನಾಲಿಗೆಯಿಂದ ಅಂಗುಳಕ್ಕೆ ಒತ್ತಿ ಒತ್ತಿ ನುಂಗುತ್ತಿದ್ದರು. ತಟ್ಟೆಯಲ್ಲಿದ್ದ ಸೌತೆಕಾಯಿ, ಹಸಿ ಮೂಲಂಗಿ ಮುಟ್ಟಲೇ ಇಲ್ಲ. ಒಂದು ಕಾಲಕ್ಕೆ ಹುರಿದ ಶೇಂಗಾ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದ ಮನುಷ್ಯ. ಬಾಯಿ ತೆಗೆಸಿ ಎಣಿಸಿದೆ. 11 ಹಲ್ಲು. ಅದರಲ್ಲಿ ಮೂರು ಅಲ್ಲಾಡುತ್ತಿವೆ, ಎರಡು ಕೆಳಗೆ, ಒಂದು ಮೇಲೆ. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಗಾರೆ ಮೆತ್ತಿದ ಹಾಗೆ ಪಾಚಿ ಕಟ್ಟಿದೆ. ವಸಡು ಮುಟ್ಟಿದರೆ ರಕ್ತ.

ನಮ್ಮ ಆಫೀಸಿನಲ್ಲಿ ಆರೋಗ್ಯ ಶಿಬಿರ ನಡೆದಾಗ ಒಬ್ಬರು "ಹಲ್ಲು ಕಳೆದುಕೊಂಡವರು ಬೇಗ ಸಾಯ್ತಾರೆ, ಸಂಶೋಧನೆನೇ ಹೇಳಿದೆ" ಅಂತ ಮೈಕಿನಲ್ಲಿ ಹೇಳಿದರು. ಆವತ್ತಿನಿಂದ ನಿದ್ದೆ ಸರಿಯಿಲ್ಲ. ಇದು ನಿಜಾನಾ? ಹಲ್ಲಿಗೂ ಆಯಸ್ಸಿಗೂ ಏನು ಸಂಬಂಧ? ಅಪ್ಪಾಜಿ ಆಸ್ಪತ್ರೆಗೆ ಬರಲ್ಲ ಅಂತಾರೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತೆ ಅನ್ನೋದು ಅವರ ವಾದ.

ಮಂಡಕ್ಕಿ ಭಟ್ಟಿ

ಸುಮ್ನೆ ಹೆದರಿಸೋದು ಅಕ್ಕಾ. ನಮ್ಮ ಅಜ್ಜಿ 94 ವರ್ಷ ಬದುಕಿದರು. ಕೊನೆಯ 20 ವರ್ಷ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಮುದ್ದೆ ನುಂಗೋಕೆ ಹಲ್ಲು ಯಾಕೆ ಬೇಕು?

ಹರಿಹರದ ಸೊಸೆ

ಅಜ್ಜಿ ಗಟ್ಟಿ ಜೀವ, ಒಪ್ಪಿದೆ. ಅವರ ಓರಗೆಯವರು ಎಷ್ಟು ಜನ 94ರವರೆಗೆ ಇದ್ದರು, ಅದನ್ನೂ ಹೇಳಿ.

ಲೆಕ್ಕದ ಮೇಷ್ಟ್ರು

ತಂಗಿ, ಮೊದಲು ನೀವು ನಿದ್ದೆ ಮಾಡಿ. ಮೈಕಿನಲ್ಲಿ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಹೇಳಿ ಬಿಟ್ಟಿದ್ದಾರೆ. ನಾನು ನಿವೃತ್ತ ಗಣಿತ ಶಿಕ್ಷಕ, ಈ ವಿಷಯ ಎರಡು ವರ್ಷದಿಂದ ಓದುತ್ತಿದ್ದೇನೆ. ನನ್ನ ಹೆಂಡತಿಗೂ ಇದೇ ತೊಂದರೆ ಇತ್ತು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಯಸ್ಸಾದವರೇ ಇರುವ ಒಂದು ದೊಡ್ಡ ಬಡಾವಣೆ ಇದೆ. ಅಲ್ಲಿನ 5,611 ಜನರನ್ನು 1992ರಿಂದ 2009ರವರೆಗೆ ಗಮನಿಸಿದರು. 20 ಅಥವಾ ಅದಕ್ಕಿಂತ ಜಾಸ್ತಿ ಹಲ್ಲು ಇದ್ದವರ ಜೊತೆ ಹೋಲಿಸಿದರೆ, ಒಂದೂ ಹಲ್ಲಿಲ್ಲದವರಲ್ಲಿ ಆ ಅವಧಿಯ ಸಾವು ಸುಮಾರು ಶೇ 30 ಜಾಸ್ತಿ ಕಂಡಿತು. ರಾತ್ರಿ ಹಲ್ಲುಜ್ಜದೇ ಮಲಗುವವರಲ್ಲಿ, ದಿನಾ ಉಜ್ಜುವವರಿಗಿಂತ ಶೇ 20ರಿಂದ 35 ಜಾಸ್ತಿ. ವರ್ಷದಲ್ಲಿ ಒಮ್ಮೆಯೂ ಹಲ್ಲಿನ ಡಾಕ್ಟರ ಹತ್ತಿರ ಹೋಗದವರಲ್ಲೂ ಜಾಸ್ತಿ.

ಈಗ ಶೇ 30 ಅಂದರೆ ಏನು ಅಂತ ನೋಡಿ. ನೂರರಲ್ಲಿ ಮೂವತ್ತು ಜನ ಸಾಯ್ತಾರೆ ಅಂತ ಅಲ್ಲ. ನೂರು ಜನ ಹಲ್ಲಿದ್ದವರಲ್ಲಿ 10 ಜನ ಹೋದರು ಅಂದುಕೊಳ್ಳಿ, ಅಷ್ಟೇ ಜನ ಹಲ್ಲಿಲ್ಲದವರಲ್ಲಿ 13 ಜನ. ಲೆಕ್ಕ ಇಷ್ಟೇ. ಉಳಿದ 87 ಜನ ಇದ್ದೇ ಇದ್ದಾರೆ. ಮಂಡಕ್ಕಿ ಭಟ್ಟಿಯವರ ಅಜ್ಜಿ ಆ 87ರಲ್ಲಿ ಒಬ್ಬರು. ಅಜ್ಜಿಯೂ ನಿಜ, ಲೆಕ್ಕವೂ ನಿಜ.

ಕೋಟೆ ಊರಿನವಳು

ಚಿತ್ರದುರ್ಗದಿಂದ. ಮೇಷ್ಟ್ರೇ, ಒಂದು ಅನುಮಾನ. ಹಲ್ಲು ಉದುರಿದವರು ಅಂದ್ರೆ ಸಾಮಾನ್ಯವಾಗಿ ಬಡವರು, ಬೀಡಿ ಸೇದಿದವರು, ಹೊಗೆಸೊಪ್ಪು ಹಾಕಿದವರು, ಆಸ್ಪತ್ರೆ ಮೆಟ್ಟಿಲು ಹತ್ತದವರು. ಬೇಗ ಸಾಯೋದು ಅದಕ್ಕೇ ಇರಬಹುದು ಅಲ್ವಾ? ಹಲ್ಲಿನ ಮೇಲೆ ಯಾಕೆ ತಪ್ಪು ಹೊರಿಸಬೇಕು?

ಲೆಕ್ಕದ ಮೇಷ್ಟ್ರು

ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಇಡೀ ಜಗಳ ಇದರ ಮೇಲೇ ನಡೆದಿದೆ, 30 ವರ್ಷಕ್ಕೂ ಮೇಲಾಯ್ತು.

1989ರಲ್ಲಿ ಫಿನ್ಲೆಂಡಿನವರು ಹೃದಯಾಘಾತ ಆದವರ ಬಾಯಿ ಬೇರೆಯವರಿಗಿಂತ ಕೆಟ್ಟಿದೆ ಅಂತ ಬರೆದರು. 1993ರಲ್ಲಿ ಅಮೆರಿಕದ ಇನ್ನೊಂದು ದೊಡ್ಡ ಅಧ್ಯಯನ ಬಂತು. ವಸಡಿನ ರೋಗ ಇದ್ದವರಿಗೆ ಹೃದ್ರೋಗದ ಸಾಧ್ಯತೆ ಶೇ 25 ಜಾಸ್ತಿ ಅಂದಿತು. ಆದರೆ 2000ದಲ್ಲಿ ಅಂಥದ್ದೇ ಜನರ ಲೆಕ್ಕ ತೆಗೆದ ಇನ್ನೊಂದು ತಂಡ, ಬೀಡಿ ಸಿಗರೇಟು, ಬಡತನ ಎಲ್ಲ ಸರಿಯಾಗಿ ಕಳೆದರೆ ಗಟ್ಟಿ ಸಂಬಂಧ ಏನೂ ಉಳಿಯಲ್ಲ ಅಂದಿತು. 2012ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಎಲ್ಲವನ್ನೂ ಕೂಡಿಸಿ ನೋಡಿ, ಸಂಬಂಧ ಇದೆ, ಆದರೆ ವಸಡಿನ ರೋಗವೇ ಹೃದ್ರೋಗಕ್ಕೆ ಕಾರಣ ಅಂತ ಸಾಬೀತಾಗಿಲ್ಲ ಅಂತ ಹೇಳಿತು.

ನನಗೆ ತುಂಬಾ ಹಿಡಿಸಿದ್ದು ಗ್ಲಾಸ್ಗೋ ವಿಶ್ವವಿದ್ಯಾಲಯದ್ದು. 1948ರಿಂದ 1968ರ ನಡುವೆ ಅಲ್ಲಿ ಓದಿದ ಹುಡುಗ ಹುಡುಗಿಯರ ಆರೋಗ್ಯ ತಪಾಸಣೆ ಕಾರ್ಡುಗಳು ಉಳಿದಿದ್ದವು. ಎಷ್ಟು ಹಲ್ಲು ಹೋಗಿದೆ ಅಂತ ಅದರಲ್ಲಿ ಬರೆದಿತ್ತು. ಎಲ್ಲರೂ ವಿದ್ಯಾವಂತರು, ಹೆಚ್ಚುಕಡಿಮೆ ಒಂದೇ ವಯಸ್ಸು. ಬಹಳ ವರ್ಷ ಆದಮೇಲೆ ಯಾರು ಯಾವುದರಿಂದ ತೀರಿಕೊಂಡರು ಅಂತ ಹುಡುಕಿದರು. ಆ ಚಿಕ್ಕ ವಯಸ್ಸಿಗೇ 9 ಅಥವಾ ಅದಕ್ಕಿಂತ ಜಾಸ್ತಿ ಹಲ್ಲು ಹೋಗಿದ್ದವರಲ್ಲಿ ಹೃದಯ, ರಕ್ತನಾಳದ ಕಾಯಿಲೆಯ ಸಾವು ಸುಮಾರು ಮೂರನೇ ಒಂದು ಪಾಲು ಜಾಸ್ತಿ ಇತ್ತು. ಸಿಗರೇಟು, ಮನೆಯ ಸ್ಥಿತಿಗತಿ ಲೆಕ್ಕಕ್ಕೆ ಹಿಡಿದ ಮೇಲೂ.

ಹಾಗಂತ ಅದೂ ಪೂರ್ತಿ ಸಾಬೀತಲ್ಲ. ಬಾಲ್ಯದ ಊಟ, ಸಕ್ಕರೆ, ಇನ್ನೂ ಏನೇನೋ ನಡುವೆ ಇರುತ್ತೆ. ಕೋಟೆ ಊರಿನವರ ಪ್ರಶ್ನೆ ಜೀವಂತವಾಗಿಯೇ ಇದೆ.

ಮಂಡಕ್ಕಿ ಭಟ್ಟಿ

ಹಾಗಾದ್ರೆ ನಾನು ಹೇಳಿದ್ದೇ ಸರಿ. ಸಾಬೀತಾಗಿಲ್ಲ.

ಹಲ್ಲು ಡಾಕ್ಟ್ರು, ವಿದ್ಯಾನಗರ

ಇಲ್ಲ ಸರ್, ಒಂದು ನಿಮಿಷ. ನಾನು 19 ವರ್ಷದಿಂದ ಇದೇ ಊರಿನಲ್ಲಿ ಹಲ್ಲು ನೋಡುತ್ತಿದ್ದೇನೆ. ಹೃದಯಕ್ಕೆ ಇದೇ ಕಾರಣ ಅಂತ ಸಾಬೀತಾಗಿಲ್ಲ ಅನ್ನೋದು ನಿಜ. ಆದರೆ ಸಾಬೀತಾಗಿರೋ ವಿಷಯಗಳೂ ಇವೆ, ಪ್ರಶ್ನೆ ಕೇಳಿದವರ ತಂದೆಗೆ ಬೇಕಾಗಿರೋದು ಅವೇ.

ವಸಡಿನ ರೋಗ ಅಂದ್ರೆ ಬಾಯೊಳಗೆ ವಾಸಿಯಾಗದೇ ಉಳಿದ ಗಾಯ. ಹಲ್ಲಿನ ಸುತ್ತ ವಸಡು ಒಂದು ಕಾಲರ್ ಥರ ಅಂಟಿಕೊಂಡಿರುತ್ತೆ. ರೋಗ ಬಂದಾಗ ಆ ಕಾಲರ್ ಹಲ್ಲಿನಿಂದ ಬಿಟ್ಟುಕೊಂಡು ಒಳಗೆ ಜೇಬು ಆಗುತ್ತೆ. ಆ ಜೇಬಿನ ಗೋಡೆಯೇ ಹುಣ್ಣು. ಎಲ್ಲ ಹಲ್ಲುಗಳ ಸುತ್ತ ಇರೋದನ್ನು ಬಿಡಿಸಿ ಒಂದೇ ಕಡೆ ಹಾಸಿದರೆ 8ರಿಂದ 20 ಚದರ ಸೆಂಟಿಮೀಟರ್ ಆಗಬಹುದು. ಕಾಲಿನ ಮೇಲೆ ಅಷ್ಟು ದೊಡ್ಡ ಗಾಯ, ಅದರಲ್ಲಿ ರಕ್ತ, ಕೀವು ಇದ್ದರೆ ಯಾರಾದರೂ ಹತ್ತು ವರ್ಷ ಸುಮ್ಮನಿರುತ್ತಾರಾ? ಬಾಯಲ್ಲಿ ಆದರೆ ಇರುತ್ತಾರೆ. ಯಾಕಂದ್ರೆ ನೋಯಲ್ಲ.

ಊಟ ಅಗಿಯುವಾಗ, ಹಲ್ಲುಜ್ಜುವಾಗ ಅಲ್ಲಿನ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತೆ. ಆರೋಗ್ಯವಂತರ ದೇಹ ಬೇಗ ಅದನ್ನು ತೆಗೆದುಹಾಕುತ್ತೆ. ಆದರೆ ಚಿಕ್ಕಂದಿನಲ್ಲಿ ಕೀಲುವಾತದ ಜ್ವರ ಬಂದು ಹೃದಯದ ಕವಾಟ ಹಾಳಾದವರು, ಕೃತಕ ಕವಾಟ ಹಾಕಿಸಿಕೊಂಡವರು ಇರ್ತಾರಲ್ಲ, ಅವರಿಗೆ ಆ ಬ್ಯಾಕ್ಟೀರಿಯಾ ಕವಾಟದ ಮೇಲೆ ಕೂತರೆ ಪ್ರಾಣಕ್ಕೇ ಅಪಾಯ. ಇದರಲ್ಲಿ ಅನುಮಾನ ಇಲ್ಲ.

ಇನ್ನು ಶುಗರ್. ಶುಗರ್ ಇದ್ದರೆ ವಸಡು ಬೇಗ ಕೆಡುತ್ತೆ. ವಸಡು ಕೆಟ್ಟರೆ ಶುಗರ್ ಹತೋಟಿಗೆ ಬರಲ್ಲ. ಎರಡೂ ಕಡೆಯಿಂದ ಎಳೆದಾಟ. ವಸಡಿಗೆ ಸರಿಯಾಗಿ ಚಿಕಿತ್ಸೆ ಕೊಟ್ಟರೆ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಶುಗರ್ ಹೇಗಿತ್ತು ಅಂತ ತೋರಿಸುವ ರಕ್ತ ಪರೀಕ್ಷೆ) ಸರಾಸರಿ 0.4ರಷ್ಟು ಇಳಿಯುತ್ತೆ ಅಂತ ಹಲವು ಪರೀಕ್ಷೆಗಳನ್ನು ಕೂಡಿಸಿ ನೋಡಿದಾಗ ಕಂಡಿದೆ. ಕಡಿಮೆ ಅನಿಸಬಹುದು. ಒಂದು ಹೊಸ ಮಾತ್ರೆ ಸೇರಿಸಿದಾಗ ಸಿಗುವ ಲಾಭಕ್ಕೆ ಹತ್ತಿರದ ಮಾತು ಅದು.

ಅಕ್ಕಾ, ಬೀಡಿ ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಕಾಣುತ್ತೆ, ರೋಗ ಒಳಗೊಳಗೇ ಬೆಳೆಯುತ್ತೆ. ನಿಮ್ಮ ತಂದೆ ಬೀಡಿ ಬಿಟ್ಟ ಮೇಲೆ ರಕ್ತ ಜಾಸ್ತಿ ಕಂಡಿದ್ದರೆ ಬೀಡಿ ಬಿಟ್ಟಿದ್ದೇ ತಪ್ಪಾಯ್ತು ಅಂತ ಅವರಿಗೆ ಅನಿಸಬಾರದು. ಅದನ್ನು ಬಿಡಿಸಿ ಹೇಳಿ.

ಕುಂದುವಾಡ ಕೆರೆ ಏರಿ

ಡಾಕ್ಟ್ರೇ, ಅಪ್ಪಾಜಿ ಇದೇ ಮಾತು ಹೇಳಿದ್ದರು! "ಬೀಡಿ ಇದ್ದಾಗ ಒಂದು ಹನಿ ರಕ್ತ ಬಂದಿಲ್ಲ" ಅಂತ. ನಾನು ಸುಳ್ಳು ಅಂದುಕೊಂಡು ಅವರ ಮೇಲೆ ರೇಗಿದ್ದೆ.

ಹರಿಹರದ ಸೊಸೆ

ಡಾಕ್ಟ್ರೇ, ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲ ಆಗುತ್ತೆ ಅಂತಾರಲ್ಲ? ನಮ್ಮ ಮಾವನವರಿಗೆ ಒಂದು ಕ್ಲಿನಿಕ್‌ನಲ್ಲಿ ಮಾಡಿಸಿದ್ದೆವು. ಬಂದ ಮಾರನೇ ದಿನವೇ ಹಲ್ಲು ಅಲ್ಲಾಡೋಕೆ ಶುರುವಾಯ್ತು. ಕೇಳೋಕೆ ಹೋದರೆ ಸರಿಯಾಗಿ ಮಾತಾಡಲೂ ಇಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರೂ ಹೋಗಿಲ್ಲ, ನನ್ನನ್ನೂ ಸೇರಿಸಿ.

ಹಲ್ಲು ಡಾಕ್ಟ್ರು, ವಿದ್ಯಾನಗರ

ಮಾಡೋಕೆ ಮೊದಲೇ ಕೂರಿಸಿ ಹೇಳಬೇಕಿತ್ತು. ಹೇಳದೇ ಮಾಡಿದ್ದು ತಪ್ಪು.

ಹಳೇ ಮನೆಯ ಗೋಡೆ ಶಿಥಿಲ ಆಗಿ, ಪಕ್ಕದಲ್ಲಿ ಬಿದ್ದ ಮಣ್ಣಿನ ರಾಶಿಯೇ ಅದನ್ನು ಹಿಡಿದು ನಿಲ್ಲಿಸಿರುತ್ತೆ ನೋಡಿ, ಹಾಗೆ. ಹಲ್ಲನ್ನು ಹಿಡಿದಿದ್ದ ಮೂಳೆ ಆಗಲೇ ಕರಗಿ ಹೋಗಿರುತ್ತೆ. ಗಟ್ಟಿಯಾದ ಪಾಚಿ ಹಲ್ಲು ಹಲ್ಲಿಗೂ ಅಂಟಿಕೊಂಡು ಅಲ್ಲಾಡದ ಹಾಗೆ ಹಿಡಿದಿರುತ್ತೆ. ಅದನ್ನು ತೆಗೆದಾಗ ನಿಜಸ್ಥಿತಿ ಗೊತ್ತಾಗುತ್ತೆ. ಬಿಟ್ಟಿದ್ದರೆ ಮೂಳೆ ಇನ್ನಷ್ಟು ಕರಗುತ್ತಿತ್ತು. ಎಷ್ಟೋ ಸಲ ಒಂದೆರಡು ವಾರದಲ್ಲಿ ಊತ ಇಳಿದು ವಸಡು ಬಿಗಿಯಾಗುತ್ತೆ.

ಕಣ್ಣಿನ ವಿಷಯವೂ ಹೇಳಿಬಿಡ್ತೀನಿ. ಕಣ್ಣು ನೋಡುವುದು ಮೆದುಳಿನಿಂದ ಬರುವ ಎರಡನೇ ನರದಿಂದ. ಹಲ್ಲಿನ ನೋವು ಹೋಗುವುದು ಐದನೇ ನರದ ಮೂಲಕ. ಎರಡರ ದಾರಿಯೇ ಬೇರೆ. ವಯಸ್ಸಾದಾಗ ಹಲ್ಲೂ ಹೋಗುತ್ತೆ, ಪೊರೆಯೂ ಬರುತ್ತೆ. ಒಂದೇ ಕಾಲಕ್ಕೆ ಆದದ್ದಕ್ಕೆ ಜನ ಗಂಟು ಹಾಕಿದರು.

ಕೋಟೆ ಊರಿನವಳು

ಒಂದೇ ಕಾಲಕ್ಕೆ ಆದದ್ದಕ್ಕೆ ಗಂಟು ಹಾಕಬಾರದು ಅನ್ನೋದು ಹಲ್ಲಿಗೂ ಆಯಸ್ಸಿಗೂ ಅನ್ವಯಿಸಬೇಕು ಅಲ್ವಾ ಡಾಕ್ಟ್ರೇ?

ಹಲ್ಲು ಡಾಕ್ಟ್ರು, ವಿದ್ಯಾನಗರ

ಅನ್ವಯಿಸುತ್ತೆ. ಅದಕ್ಕೇ ಹೃದಯದ ವಿಷಯದಲ್ಲಿ ನಾನು ಮೇಷ್ಟ್ರ ಜೊತೆ ಇದ್ದೇನೆ. ಶುಗರ್, ಕವಾಟ, ಕುತ್ತಿಗೆಗೆ ಇಳಿಯುವ ಸೋಂಕು, ಇವುಗಳಲ್ಲಿ ಮಾತ್ರ ಹಿಂದೆ ಸರಿಯಲ್ಲ.

ಪಿ.ಜೆ. ಬಡಾವಣೆ

ಕುತ್ತಿಗೆಗೆ ಇಳಿಯುವ ಸೋಂಕು ಅಂದಿರಲ್ಲ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬರೆಯಲೇಬೇಕು.

ನಮ್ಮ ಅಣ್ಣನಿಗೆ ಆಗ 41. ಕೆಳಗಿನ ಕೊನೆಯ ದವಡೆ ಹಲ್ಲು ಹುಳುಕಾಗಿತ್ತು. ನೋವು ಬಂದಾಗೆಲ್ಲ ಮೆಡಿಕಲ್ ಶಾಪಿನಲ್ಲಿ ಮಾತ್ರೆ, ಲವಂಗದ ಎಣ್ಣೆ. ಹೀಗೇ ಎಂಟು ತಿಂಗಳು ದೂಡಿದ. ಒಂದು ಶುಕ್ರವಾರ ಕೆನ್ನೆ ಊದಿತು. ಬಿಸಿ ಉಪ್ಪಿನ ಕಾವು ಕೊಟ್ಟ. ಶನಿವಾರ ಊತ ಗದ್ದದ ಕೆಳಗೆ ಇಳಿಯಿತು. ಮುಟ್ಟಿದರೆ ಹಲಗೆ ಮುಟ್ಟಿದ ಹಾಗೆ ಗಟ್ಟಿ. ಸಂಜೆಗೆ ನಾಲಿಗೆ ಮೇಲೆದ್ದು ಬಾಯಿ ತುಂಬಿತು, ಜೊಲ್ಲು ನುಂಗೋಕೂ ಆಗುತ್ತಿರಲಿಲ್ಲ. ಮಾತು ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವರ ಥರ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಎದ್ದು ಮುಂದಕ್ಕೆ ಬಾಗಿ ಕೂತಿದ್ದ.

ಮೊದಲು ಹೋದ ಆಸ್ಪತ್ರೆಯಲ್ಲಿ "ಹಲ್ಲಿನ ಊತ, ಸೋಮವಾರ ಬನ್ನಿ" ಅಂದರು. ಅತ್ತಿಗೆ ಒಪ್ಪಲಿಲ್ಲ. ಅಲ್ಲಿಂದ ಇನ್ನೊಂದು ಕಡೆ ಕರೆದುಕೊಂಡು ಹೋದರು. ಅಲ್ಲಿ ನೋಡಿದ ಕೂಡಲೇ ಒಳಗೆ ತಗೊಂಡರು. ಕುತ್ತಿಗೆಯಲ್ಲಿ ಗಾಯ ಮಾಡಿ ಕೀವು ತೆಗೆದರು, ಉಸಿರಿಗೆ ಕೊಳವೆ ಹಾಕಿದರು. ಐಸಿಯುನಲ್ಲಿ ಒಂಬತ್ತು ದಿನ. ಸೋಮವಾರದವರೆಗೆ ಕಾದಿದ್ದರೆ ಅಣ್ಣ ಇರುತ್ತಿರಲಿಲ್ಲ. ಅತ್ತಿಗೆಯ ಹಟ ಅವನನ್ನು ಉಳಿಸಿತು.

ಹಲ್ಲು ಡಾಕ್ಟ್ರು, ವಿದ್ಯಾನಗರ

ಇದಕ್ಕೆ ಲುಡ್ವಿಗ್ ಆಂಜೈನಾ ಅಂತಾರೆ. 1836ರಲ್ಲಿ ಜರ್ಮನಿಯ ಒಬ್ಬ ವೈದ್ಯ ಮೊದಲು ವಿವರಿಸಿದ್ದು. ಗದ್ದದ ಕೆಳಗೆ ಗಟ್ಟಿ ಊತ, ನಾಲಿಗೆ ಮೇಲೇಳುವುದು, ನುಂಗಲು ಆಗದಿರುವುದು, ಈ ಮೂರರಲ್ಲಿ ಒಂದು ಕಂಡರೂ ಸೀದಾ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗ. ರಾತ್ರಿ ಎರಡು ಗಂಟೆಯಾದರೂ ಸರಿ. ನಿಮ್ಮ ಅತ್ತಿಗೆಗೆ ನನ್ನ ನಮಸ್ಕಾರ ಹೇಳಿ.

ಮಂಡಕ್ಕಿ ಭಟ್ಟಿ

ಓದಿ ಮೈ ಜುಂ ಅಂತು. ನನಗೂ ಕೆಳಗಿನ ದವಡೆಯಲ್ಲಿ ಒಂದು ಹುಳುಕಿದೆ. ಇವತ್ತೇ ತೋರಿಸ್ತೀನಿ.

ಎಂಸಿಸಿ ಬಿ ಬ್ಲಾಕ್

ಇಷ್ಟೆಲ್ಲ ಅಪಾಯ ಇದ್ದರೆ ಕೆಟ್ಟ ಹಲ್ಲು ಎಲ್ಲಾ ಒಂದೇ ಸಲ ಕೀಳಿಸಿ ಸೆಟ್ ಹಾಕಿಸೋದು ಒಳ್ಳೇದಲ್ವಾ?

ಲೆಕ್ಕದ ಮೇಷ್ಟ್ರು

ಆ ದಾರಿಯಲ್ಲಿ ಪ್ರಪಂಚ ಒಮ್ಮೆ ಹೋಗಿ ವಾಪಸ್ ಬಂದಿದೆ. 1910ರಲ್ಲಿ ವಿಲಿಯಂ ಹಂಟರ್ ಅಂತ ಲಂಡನ್ ವೈದ್ಯರು ಕೆನಡಾದ ಮಾಂಟ್ರಿಯಲ್‌ನಲ್ಲಿ ಭಾಷಣ ಮಾಡಿ, ಎಷ್ಟೋ ರೋಗಗಳಿಗೆ ಬಾಯಿಯ ಸೋಂಕೇ ಮೂಲ ಅಂದರು. ಮುಂದಿನ ಇಪ್ಪತ್ತು ಮೂವತ್ತು ವರ್ಷ ಕೀಲು ನೋವಿಗೂ ಹಲ್ಲು ಕಿತ್ತರು, ಹೊಟ್ಟೆನೋವಿಗೂ ಕಿತ್ತರು. ರೋಗ ವಾಸಿಯಾಗಲಿಲ್ಲ, ಜನ ಬೊಚ್ಚುಬಾಯಿ ಆದರು. ಆಮೇಲೆ ಆ ವಾದ ಮೂಲೆಗೆ ಹೋಯ್ತು.

ಜಪಾನಿನವರು ತದ್ವಿರುದ್ಧ ಮಾಡಿದರು. 1989ರಲ್ಲಿ "8020" ಅಂತ ಅಭಿಯಾನ ಶುರು ಮಾಡಿದರು. 80 ವರ್ಷಕ್ಕೆ ಬಾಯಲ್ಲಿ ಸ್ವಂತದ 20 ಹಲ್ಲು ಇರಬೇಕು ಅಂತ. ಬುದ್ಧಿಹಲ್ಲು ಬಿಟ್ಟು ನಮಗಿರೋದು 28. ಇಪ್ಪತ್ತಿದ್ದರೆ ಹೆಚ್ಚುಕಡಿಮೆ ಎಲ್ಲವನ್ನೂ ಅಗಿದು ತಿನ್ನಬಹುದು.

ಹರಿಹರದ ಸೊಸೆ

ಕಡ್ಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡ್ಲೆ ಇಲ್ಲ ಅನ್ನೋದನ್ನು ಅವರು ಸರ್ಕಾರದ ಕೆಲಸ ಅಂತ ತಗೊಂಡಿದ್ದಾರೆ. ಒಳ್ಳೇದು.

ಜಗಳೂರು ಸೀಮೆ

ನಮ್ಮ ಊರಿನ ಕಥೆ ಬೇರೆ. ಬೋರ್ ನೀರಿನಲ್ಲಿ ಫ್ಲೋರೈಡ್. ನನ್ನ ಹಲ್ಲು ಚಿಕ್ಕಂದಿನಿಂದ ಕಂದು ಕಂದು, ಗೆರೆ ಗೆರೆ. ಕಾಲೇಜಿಗೆ ದಾವಣಗೆರೆಗೆ ಬಂದಾಗ "ಹಲ್ಲುಜ್ಜಲ್ವಾ" ಅಂತ ಕೇಳಿದವರಿದ್ದಾರೆ. ದಿನಕ್ಕೆ ಎರಡು ಸಲ ಉಜ್ಜುತ್ತೇನೆ. ತಂಗಿಗೆ ನೋಡೋಕೆ ಬಂದ ಗಂಡಿನ ಕಡೆಯವರೂ ಇದೇ ಮಾತು ತೆಗೆದರು. ಈ ಕಲೆಯಿಂದಲೂ ಆಯಸ್ಸು ಕಡಿಮೆ ಆಗುತ್ತಾ?

ಹಲ್ಲು ಡಾಕ್ಟ್ರು, ವಿದ್ಯಾನಗರ

ಇಲ್ಲ ತಮ್ಮಾ. ಖಂಡಿತ ಇಲ್ಲ. ಅದು ಕೊಳೆ ಅಲ್ಲ, ಹುಳುಕೂ ಅಲ್ಲ. ಎಂಟು ವರ್ಷದೊಳಗೆ, ವಸಡಿನ ಒಳಗೆ ಹಲ್ಲು ರೂಪ ತಗೊಳ್ಳುವಾಗ ಕುಡಿದ ನೀರಿನ ಗುರುತು. ಎಷ್ಟು ಉಜ್ಜಿದರೂ ಹೋಗಲ್ಲ. ಇದ್ದಿಲು, ಇಟ್ಟಿಗೆ ಪುಡಿ ಹಾಕಿ ತಿಕ್ಕಲು ಹೋಗಬೇಡಿ, ಹಲ್ಲಿನ ಮೇಲ್ಪದರ ಸವೆಯುತ್ತೆ. ಬೇಕಾದರೆ ಮೇಲೆ ಬಣ್ಣ ಹೊಂದುವ ಪದರ ಕೂರಿಸಬಹುದು.

ಹಲ್ಲಿಗಿಂತ ಜಾಸ್ತಿ ಗಮನ ಕೊಡಬೇಕಾದದ್ದು ಆ ನೀರನ್ನು ಇನ್ನೂ ಕುಡಿಯುತ್ತಿದ್ದೀರಾ ಅನ್ನೋದಕ್ಕೆ. ಭಾರತೀಯ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ತುಂಬಾ ಜಾಸ್ತಿ ಇರುವ ನೀರು ವರ್ಷಗಟ್ಟಲೆ ಕುಡಿದರೆ ಬೆನ್ನು, ಕೀಲು ಬಿಗಿಯುತ್ತೆ. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. ಶುದ್ಧ ನೀರಿನ ಘಟಕದ ನೀರನ್ನೇ ಕುಡಿಯೋಕೂ ಅಡುಗೆಗೂ ಬಳಸಿ.

ಕೋಟೆ ಊರಿನವಳು

ಚಳ್ಳಕೆರೆ, ಮೊಳಕಾಲ್ಮೂರು ಕಡೆಯೂ ಇದೇ ಕಥೆ. ನಮ್ಮ ದೊಡ್ಡಮ್ಮನ ಮಕ್ಕಳು ಫೋಟೋದಲ್ಲಿ ಬಾಯಿ ಮುಚ್ಚಿಯೇ ನಗುತ್ತಾರೆ. ಜಗಳೂರು ಸೀಮೆಯವರೇ, ತಂಗಿಗೆ ಹೇಳಿ, ಆ ಗಂಡಿನವರಿಗೆ ಬುದ್ಧಿ ಇಲ್ಲ.

ಮನೆಮನೆ ನರ್ಸ್

ನಾನು ಹಾಸಿಗೆ ಹಿಡಿದವರನ್ನು ಅವರ ಮನೆಗೇ ಹೋಗಿ ನೋಡಿಕೊಳ್ಳುವವಳು. ಇಲ್ಲಿ ಯಾರೂ ಹೇಳದ ಒಂದು ವಿಷಯ ಇದೆ. ವಯಸ್ಸಾದವರಿಗೆ ಬರುವ ನ್ಯುಮೋನಿಯಾ.

ಬಾಯಿಯ ಕೊಳೆ ಜೊಲ್ಲಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತೆ, ಅದರಲ್ಲೂ ಪಾರ್ಶ್ವವಾಯು ಆಗಿ ನುಂಗೋದು ಕಷ್ಟವಾದವರಿಗೆ. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ಒಂದು ಪರೀಕ್ಷೆ ಮಾಡಿದರು. ಒಂದು ಗುಂಪಿಗೆ ಪ್ರತಿ ಊಟದ ನಂತರ ಸಿಬ್ಬಂದಿಯೇ ಹಲ್ಲುಜ್ಜಿದರು, ಇನ್ನೊಂದು ಗುಂಪಿಗೆ ಇಲ್ಲ. ಉಜ್ಜದ ಗುಂಪಿನಲ್ಲಿ ನೂರಕ್ಕೆ 19 ಜನಕ್ಕೆ ನ್ಯುಮೋನಿಯಾ ಬಂತು. ಉಜ್ಜಿದವರಲ್ಲಿ 11 ಜನಕ್ಕೆ. 1999ರಲ್ಲಿ ಪ್ರಕಟವಾಯ್ತು. ಮೇಷ್ಟ್ರೇ, ಇದು ಬರೀ ನೋಡಿ ಬರೆದ ಲೆಕ್ಕ ಅಲ್ಲ, ಮಾಡಿ ನೋಡಿದ್ದು.

ಹಲ್ಲಿಲ್ಲದ ಬಾಯಿಗೂ ಇದು ಬೇಕು. ನಾನು ಮಾಡೋದು ಹೀಗೆ. ಮೊದಲು ಕೂರಿಸ್ತೀನಿ, ಆಗದಿದ್ದರೆ ಒಂದು ಮಗ್ಗುಲಿಗೆ ತಿರುಗಿಸಿ ತಲೆಗೆ ದಿಂಬು ಎತ್ತರ ಮಾಡ್ತೀನಿ. ಮಲಗಿದವರ ಬಾಯಿಗೆ ನೀರು ಹೊಯ್ಯಬಾರದು. ತೆಳ್ಳನೆ ಹಳೇ ಪಂಚೆ ಬಟ್ಟೆ ಬೆರಳಿಗೆ ಸುತ್ತಿ, ಒದ್ದೆ ಮಾಡಿ ಹಿಂಡಿ, ಕೆನ್ನೆ ಒಳಗೆ, ವಸಡು, ಅಂಗುಳ, ಕೊನೆಗೆ ನಾಲಿಗೆ ಒರೆಸಬೇಕು. ಅಂಗುಳದಲ್ಲಿ ಅಂಟಿಕೊಂಡ ಅನ್ನದ ಪದರ ನೋಡಿದರೆ ನಿಮಗೇ ಗೊತ್ತಾಗುತ್ತೆ. ಸೆಟ್ ಇದ್ದರೆ ರಾತ್ರಿ ತೆಗೆದು, ಉಜ್ಜಿ, ನೀರಿನಲ್ಲಿ ಹಾಕಿಡಿ. ಸೆಟ್ ಹಾಕಿಕೊಂಡೇ ಮಲಗೋದು ಬೇಡ.

ಲೆಕ್ಕದ ಮೇಷ್ಟ್ರು

ಈ ಮಾತಿಗೆ ಕೈ ಮುಗಿದೆ ತಾಯಿ. ಮಾಡಿ ನೋಡಿದ ಲೆಕ್ಕದ ತೂಕವೇ ಬೇರೆ.

ಹರಿಹರದ ಸೊಸೆ

ನಮ್ಮತ್ತೆ ಎಲೆ ಅಡಿಕೆ, ಕಡ್ಡಿಪುಡಿ ಬಿಡೋದೇ ಇಲ್ಲ. ನಶ್ಯವನ್ನೂ ಹಲ್ಲಿಗೆ ತಿಕ್ಕುತ್ತಾರೆ. ಹಲ್ಲು ಗಟ್ಟಿ ಆಗುತ್ತಂತೆ.

ಚನ್ನಗಿರಿ ತೋಟ

ಶುರುವಾಯ್ತು. ಹಲ್ಲಿನ ವಿಷಯ ಬಂದ ಕೂಡಲೇ ಅಡಿಕೆ ಮೇಲೆ ಬೀಳ್ತೀರಿ. ನಮ್ಮ ತಾಲ್ಲೂಕು ನಿಂತಿರೋದೇ ಅಡಿಕೆ ಮೇಲೆ. ತಾಂಬೂಲ ಇಲ್ಲದೇ ಮದುವೆ ಮಾಡ್ತೀರಾ? ಕೆಡುಕು ಇರೋದು ತಂಬಾಕಿನಲ್ಲಿ, ಗುಟ್ಕಾದಲ್ಲಿ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯ್ತಲ್ಲ.

ಹಲ್ಲು ಡಾಕ್ಟ್ರು, ವಿದ್ಯಾನಗರ

ಅಣ್ಣಾ, ನಿಮ್ಮ ಬೆಳೆ ಬಗ್ಗೆ ನನಗೆ ಗೌರವ ಇದೆ. ನಮ್ಮ ಮಾವನವರದ್ದೂ ಅಡಿಕೆ ತೋಟವೇ. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಬರೀ ಅಡಿಕೆಯನ್ನೂ, ತಂಬಾಕು ಸೇರದೇ ಇದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಗುಟ್ಕಾ ನಿಷೇಧ ಆದ ಮೇಲೆ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಒಂದು ಚೀಟಿ ಬೇರೆ ಬೇರೆ ಮಾರುತ್ತಾರೆ. ಬಾಯಿಗೆ ಹೋದ ಮೇಲೆ ಎರಡೂ ಒಂದೇ.

ದಿನಾ ಅಡಿಕೆ ಜಗಿಯುವವರು ಒಂದು ಕೆಲಸ ಮಾಡಿ. ಬಾಯಿ ಪೂರ್ತಿ ತೆಗೆದು ನಿಮ್ಮವೇ ಮೂರು ಬೆರಳನ್ನು ಒಂದರ ಮೇಲೊಂದು ನೆಟ್ಟಗೆ ಇಟ್ಟು ಮೇಲಿನ ಕೆಳಗಿನ ಹಲ್ಲಿನ ನಡುವೆ ತೂರಿಸಿ. ಎರಡೇ ಬೆರಳು ಹೋದರೆ, ಖಾರ ತಿಂದಾಗ ಬಾಯಿ ಉರಿದರೆ, ಕೆನ್ನೆ ಒಳಗೆ ಹಗ್ಗದ ಹಾಗೆ ಬಿಗಿದಿದ್ದರೆ ತಡ ಮಾಡಬೇಡಿ. ಕ್ಯಾನ್ಸರ್‌ಗೆ ತಿರುಗಬಹುದಾದ ಸ್ಥಿತಿ ಅದು. ನನ್ನ ಹತ್ತಿರ ಬಂದವರಲ್ಲಿ 22 ವರ್ಷದ ಹುಡುಗ ಇದ್ದ. ಮಿರ್ಚಿ ಬಜ್ಜಿ ಬಾಯಿಗೆ ಹೋಗಲ್ಲ ಅಂತ ಬಂದಿದ್ದ.

ಚನ್ನಗಿರಿ ತೋಟ

ಬೆಳೆಗಾರರ ಹೊಟ್ಟೆಪಾಡಿನ ಪ್ರಶ್ನೆ ಹಾಗೇ ಉಳಿಯಿತು. ಅದಕ್ಕೆ ಯಾರೂ ಉತ್ತರ ಕೊಡಲ್ಲ. (ಮೂರು ಬೆರಳು ಹೋಗುತ್ತೆ. ತಮ್ಮನಿಗೆ ಎರಡೂವರೆ. ಅವನನ್ನು ಕರೆದುಕೊಂಡು ಬರ್ತೀನಿ.)

ಎಂಸಿಸಿ ಬಿ ಬ್ಲಾಕ್

ಖರ್ಚಿನ ಬಗ್ಗೆ ಯಾರಾದರೂ ಹೇಳಿ. ರೂಟ್ ಕೆನಾಲ್, ಕ್ಯಾಪ್ ಅಂದರೆ ಸಾವಿರಗಟ್ಟಲೆ ಕೇಳ್ತಾರೆ. ಬಡವರ ಹಲ್ಲು ಹೋಗೋದು ಅಲ್ಲೇ.

ಪಿ.ಜೆ. ಬಡಾವಣೆ

ನಮ್ಮ ಊರಿನ ಪುಣ್ಯ, ಎರಡು ದಂತ ಕಾಲೇಜುಗಳಿವೆ. ಬಾಪೂಜಿಯವರದ್ದು 1979ರಿಂದ ಇದೆ. ಚಿತ್ರದುರ್ಗದಲ್ಲೂ ಒಂದಿದೆ. ವಿದ್ಯಾರ್ಥಿಗಳು ಮಾಡ್ತಾರೆ, ಮೇಲೆ ಪ್ರೊಫೆಸರ್ ನಿಂತು ನೋಡ್ತಾರೆ. ಹೊರಗಿನ ಕ್ಲಿನಿಕ್‌ಗಿಂತ ಖರ್ಚು ತುಂಬಾ ಕಡಿಮೆ. ಸಮಯ ಹಿಡಿಯುತ್ತೆ, ಒಂದು ಹಲ್ಲಿಗೆ ಮೂರು ನಾಲ್ಕು ಸಲ ಓಡಾಡಬೇಕು. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ ದಂತ ಭಾಗ್ಯ ಯೋಜನೆ ಬಂದಿತ್ತು. ಕೌಂಟರಿನಲ್ಲಿ ಕೇಳಿ ನೋಡಿ.

ಹಲ್ಲು ಡಾಕ್ಟ್ರು, ವಿದ್ಯಾನಗರ

ಹೋಗುವಾಗ ತಂದೆಯವರ ಮಾತ್ರೆಗಳ ಚೀಟಿ ತಗೊಂಡು ಹೋಗಿ ಅಕ್ಕಾ. ರಕ್ತ ತೆಳುವಾಗುವ ಮಾತ್ರೆ ಇದ್ದರೆ ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ತಿಳಿಸಿ. ಶುಗರ್ ಇರುವವರು ತಿಂಡಿ ತಿಂದು, ಮಾತ್ರೆ ತಗೊಂಡೇ ಹೋಗಬೇಕು. ಖಾಲಿ ಹೊಟ್ಟೆಯಲ್ಲಿ ಸಾಲಿನಲ್ಲಿ ನಿಂತು ತಲೆಸುತ್ತಿ ಬಿದ್ದವರಿದ್ದಾರೆ.

ಕುಂದುವಾಡ ಕೆರೆ ಏರಿ

(ಹತ್ತು ದಿನದ ನಂತರ) ಎಲ್ಲರಿಗೂ ತುಂಬಾ ಧನ್ಯವಾದ. ಇಲ್ಲಿ ಬಂದ ಉತ್ತರಗಳನ್ನು ಅಪ್ಪಾಜಿಗೆ ಒಂದೊಂದಾಗಿ ಓದಿ ಹೇಳಿದೆ. ಆಯಸ್ಸಿನ ಮಾತಿಗೆ ಜಗ್ಗಲಿಲ್ಲ. ಬೀಡಿ ಬಿಟ್ಟ ಮೇಲೆ ರಕ್ತ ಕಾಣೋದು ಸಹಜ ಅಂತ ಡಾಕ್ಟ್ರು ಬರೆದದ್ದು ಕೇಳಿ "ಇನ್ನೊಂದ್ಸಲ ಓದು" ಅಂದರು. ಮಂಗಳವಾರ ಕಾಲೇಜಿಗೆ ಬಂದರು.

ನೋಡಿದವಳು ಬಳ್ಳಾರಿ ಕಡೆಯ ಚಿಕ್ಕ ಹುಡುಗಿ. ಕೈಗೆ ಕನ್ನಡಿ ಕೊಟ್ಟು ಒಂದೊಂದು ಹಲ್ಲೂ ತೋರಿಸಿ ಹೇಳಿದಳು. ಕೆಳಗಿನ ಸಾಲು ಕ್ಲೀನ್ ಮಾಡಿದಾಗ ಟ್ರೇನಲ್ಲಿ ಬಿದ್ದ ಪಾಚಿ ಚೂರುಗಳು ಜೋಳದ ನುಚ್ಚಿನಷ್ಟು ದಪ್ಪ ಇದ್ದವು. ಅಪ್ಪಾಜಿ ಅದನ್ನು ಬೆರಳಲ್ಲಿ ಒತ್ತಿ ನೋಡಿ "ಇದು ನನ್ನ ಬಾಯಲ್ಲಿ ಇತ್ತಾ" ಅಂತ ಕೇಳಿದರು. ಕೆಳಗಿನ ಅಲ್ಲಾಡುವ ಎರಡು ತೆಗೆದಾಯ್ತು. ಎಚ್‌ಬಿಎ1ಸಿ 8.9 ಇದೆ, ಮೂರು ತಿಂಗಳಾದ ಮೇಲೆ ಮತ್ತೆ ನೋಡ್ತೀವಿ. ಗಾಯ ಪೂರ್ತಿ ಮಾಗಿದ ಮೇಲೆ ಸೆಟ್ಟಿಗೆ ಅಳತೆ. ರಾತ್ರಿ ಊಟ ಆದಮೇಲೆ ಈಗ ತಾವಾಗಿಯೇ ಬ್ರಷ್ ತಗೊಳ್ತಾರೆ.

ಮೇಲೆ ಅಲ್ಲಾಡುವ ಒಂದಿದೆಯಲ್ಲ, ಅದಕ್ಕೆ ಇನ್ನೂ ಒಪ್ಪಿಲ್ಲ. "ಮೊದಲು ಕಣ್ಣು ಪರೀಕ್ಷೆ ಮಾಡಿಸು, ಎಷ್ಟು ಸಾಲು ಓದ್ತೀನಿ ಬರೆಸಿಟ್ಕೋ. ಆಮೇಲೆ ಕೀಳಿಸಿ ಮತ್ತೆ ನೋಡೋಣ" ಅಂದಿದ್ದಾರೆ. ಗುರುವಾರ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗ್ತಿದ್ದೀನಿ.

ಲೆಕ್ಕದ ಮೇಷ್ಟ್ರು

ನಿಮ್ಮ ತಂದೆ ಸರಿಯಾಗಿ ಹೇಳಿದ್ದಾರೆ. ಎರಡೂ ಕಣ್ಣು ಬೇರೆ ಬೇರೆ ಬರೆಸಿ. ಶುಗರ್ ಇರೋದರಿಂದ ಕಣ್ಣಿನ ಹಿಂಭಾಗದ ಪರದೆಯನ್ನೂ ಅವತ್ತೇ ನೋಡಿಸಿ. ಡ್ರಾಪ್ಸ್ ಹಾಕಿದ ಮೇಲೆ ಸ್ವಲ್ಪ ಹೊತ್ತು ಮಂಜಾಗುತ್ತೆ, ಅಕ್ಷರ ಓದಿಸೋದು ಅದಕ್ಕೆ ಮುಂಚೆ ಆಗಲಿ.